ಬಿ.ಪಿ. ಏರಿಸುವ ಔಷಧ ಕೊಟ್ಟಿದ್ದು ತಪ್ಪೇ?

ಪತ್ರ: ಅಪ್ಪನಿಗೆ ಮೂತ್ರದ ಸೋಂಕು ರಕ್ತಕ್ಕೇರಿತ್ತು. ಬೆಳಗಾವಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಆರು ದಿನವಿದ್ದು ತೀರಿಕೊಂಡರು. ಹದಿನೈದು ವರ್ಷ ಬಿ.ಪಿ. ಇಳಿಸುವ ಮಾತ್ರೆ ತಿಂದವರಿಗೆ ಅಲ್ಲಿ ಏರಿಸುವ ಔಷಧ ಕೊಟ್ಟರು. ಕಾಲ್ಬೆರಳು ಕಪ್ಪಾದವು. ಸಹಿ ಮಾಡಿದವಳು ನಾನೇ. ತಪ್ಪು ಮಾಡಿದೆನೇ?
– ಓದುಗರೊಬ್ಬರು, ಮುಧೋಳ

ಸಂಪಾದಕರ ಉತ್ತರ:

ಅಕ್ಕಾ, ನೀವು ಸಹಿ ಮಾಡಿದ್ದು ತಪ್ಪಲ್ಲ. ಮೊದಲು ಆ ಭಾರ ಇಳಿಸಿಕೊಳ್ಳಿ.

ಕಾಲುವೆಯ ದಂಡೆ ಸಡಿಲಾಗಿ ಅಗಲವಾದರೆ, ಅಷ್ಟೇ ನೀರು ಕೊನೆಯ ಸಾಲಿನ ಕಬ್ಬಿಗೆ ಮುಟ್ಟುವುದಿಲ್ಲ ಅಲ್ವಾ? ರಕ್ತಕ್ಕೆ ನಂಜೇರಿದಾಗ ಹಾಗೇ ಆಗುತ್ತದೆ. ರಕ್ತನಾಳ ಸಡಿಲಾಗುತ್ತವೆ, ಒಳಗಿನ ನೀರು ಹೊರಗೆ ಜಿನುಗುತ್ತದೆ, ಬಿ.ಪಿ. ಕುಸಿಯುತ್ತದೆ. ಹದಿನೈದು ವರ್ಷದ ಮಾತ್ರೆ ಆಗಿನ ಏರು ಬಿ.ಪಿ.ಗೆ ಸರಿಯೇ ಇತ್ತು. ಇದು ಬೇರೆ ಕಾಯಿಲೆ.

ಮೊದಲು ಸಲೈನ್ ಕೊಡುತ್ತಾರೆ. ಅದು ಸಾಲದಿದ್ದರೆ ನಾಳ ಬಿಗಿದು ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್. ನಮ್ಮ ನರಗಳಲ್ಲೇ ಇರುವ ವಸ್ತು ಅದು. 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಅದನ್ನು ತೋರಿಸಿಕೊಟ್ಟರು. ಸರಾಸರಿ ಬಿ.ಪಿ. 65 ದಾಟಿಸುವುದು ಸಾಮಾನ್ಯವಾಗಿ ಗುರಿ. ಈ ಲೆಕ್ಕದಲ್ಲಿ ಕೆಳಗಿನ ಅಂಕಿಯನ್ನು ಎರಡು ಸಲ ಹಿಡಿದು ಮೂರರಿಂದ ಭಾಗಿಸುತ್ತಾರೆ, ಹಾಗಾಗಿ 90ಕ್ಕೆ 52 ಇದ್ದರೆ ಸರಾಸರಿ ಹತ್ತಿರಹತ್ತಿರ 65. ಔಷಧದ ಪ್ರಭಾವ ಕೆಲವೇ ನಿಮಿಷ. ಅದಕ್ಕೇ ಸಿರಿಂಜ್ ಪಂಪ್ ಹಗಲೂ ರಾತ್ರಿ ಓಡುತ್ತಿರುತ್ತದೆ.

ಬೆರಳಿನ ವಿಷಯ ಮುಚ್ಚಿಡಬಾರದು. ನಾಳ ಬಿಗಿಯುವ ಔಷಧ ಬೆರಳ ತುದಿಯ ರಕ್ತವನ್ನೂ ಕಡಿಮೆ ಮಾಡುತ್ತದೆ. ನಂಜಿನಿಂದ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಯೂ ಬೆರಳು ಕಪ್ಪಾಗುತ್ತವೆ. ಯಾವುದರ ಪಾಲು ಎಷ್ಟು ಎಂದು ಪತ್ರ ಓದಿ ಹೇಳಲಾಗದು. ಆದರೆ ಮಿದುಳು, ಹೃದಯ, ಮೂತ್ರಪಿಂಡ ಉಳಿಸಲು ಹೋದಾಗ ಬೆರಳಿಗೆ ಹೀಗಾಗಬಹುದು ಎಂಬ ಒಂದು ಮಾತನ್ನು ಸಹಿಗೆ ಮುಂಚೆ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲವೆಂದರೆ ನನಗೂ ಸಿಟ್ಟು ಬರುತ್ತದೆ.

ಇನ್ನೊಂದು ಮಾತು, ಈಗ ಐಸಿಯು ಬಾಗಿಲಲ್ಲಿ ಕೂತಿರುವವರಿಗೆ. ಈ ಔಷಧ ರೋಗಾಣು ಕೊಲ್ಲುವುದಿಲ್ಲ. ಆ್ಯಂಟಿಬಯೋಟಿಕ್ ಕೆಲಸ ಮಾಡುವವರೆಗೆ ಜೀವ ಹಿಡಿದಿಡುತ್ತದೆ, ಅಷ್ಟೇ. ಪರದೆ ಮೇಲೆ ಬಿ.ಪಿ. ಚೆನ್ನಾಗಿ ಕಂಡರೆ ಸುಮ್ನೆ ಸಮಾಧಾನ ಪಡಬೇಡಿ. ದಿನಾ ಬೆಳಗ್ಗೆ ಕೇಳಿ: "ಡೋಸ್ ನಿನ್ನೆಗಿಂತ ಜಾಸ್ತಿಯಾಯ್ತಾ, ಕಡಿಮೆಯಾಯ್ತಾ? ಮೂತ್ರ ಎಷ್ಟು ಹೋಗಿದೆ?" ಡೋಸ್ ಇಳಿಯುತ್ತಿದ್ದರೆ ಒಳ್ಳೆಯ ಸುದ್ದಿ. ಏರುತ್ತಲೇ ಹೋಗಿ, ಜೊತೆಗೆ ನಾಳ ಬಿಗಿಯುವ ಇನ್ನೊಂದು ಔಷಧ ವ್ಯಾಸೊಪ್ರೆಸಿನ್ ಕೂಡ ಶುರುವಾದರೆ, ವೈದ್ಯರ ಜೊತೆ ಮನೆಯವರೆಲ್ಲ ಕೂತು ಮಾತಾಡಬೇಕಾದ ಹೊತ್ತು ಅದು.

ಅಕ್ಕಾ, ಆಸ್ಪತ್ರೆಗೆ ಬರೆದು ದಾಖಲೆ ಕೇಳಿ. ಕೇಳಿದ 72 ತಾಸಿನೊಳಗೆ ಕೊಡಬೇಕೆಂದು ವೈದ್ಯರ 2002ರ ನೀತಿನಿಯಮ ಹೇಳುತ್ತದೆ. ಐಸಿಯು ಚಾರ್ಟ್ ಬಿಡಬೇಡಿ, ಡೋಸ್ ಏರಿಳಿದದ್ದು ಅದರಲ್ಲೇ ಇರುತ್ತದೆ. ಸಿಕ್ಕರೆ ನಮ್ಮ ಬಾಗಲಕೋಟೆಯ ಕಚೇರಿಗೆ ತನ್ನಿ. ತಿಳಿದ ವೈದ್ಯರೊಬ್ಬರನ್ನು ಕರೆಸುತ್ತೇನೆ, ಮೂವರೂ ಕೂತು ಓದೋಣ.