ಕೊರಮೀನು ಮರಿ ತಿಂದಿತೇ? ಐಸೋಟೋಪ್ ಹೇಳುವುದೆಷ್ಟು

ಪ್ರಶ್ನೆ: ನಮ್ಮೂರ ಕೆರೆಗೆ ವರ್ಷಾ ವರ್ಷಾ ಕಾಟ್ಲಾ, ರೋಹು ಮರಿ ಬಿಡ್ತೀವ್ರಿ. ಬಹಳಷ್ಟು ಬಲಿಗೆ ಬರೂದಿಲ್ಲ. ಕೊರಮೀನು ತಿಂದು ಮುಗಸ್ತಾವ ಅಂತಾರ. ಹೊಟ್ಟಿ ಕೊಯ್ದು ನೋಡಿದ್ರ ಖಾಲಿ. ಐಸೋಟೋಪ್ ಪರೀಕ್ಷಾದಾಗ ಗೊತ್ತಾಗ್ತದಂತ, ಖರೇನ? ವಿಕಿರಣ ಇರ್ತದೇನ್ರಿ?
— ಮೀನುಗಾರರ ಸಂಘದ ಸದಸ್ಯರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ವಿಕಿರಣದ ಭಯ ಬೇಡ. ಐಸೋಟೋಪ್ ಅಂದರೆ ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು. ಇವು ಸ್ಥಿರ, ಅಂದರೆ ವಿಕಿರಣ ಸೂಸದ ಐಸೋಟೋಪ್‌ಗಳು, ನಾವು ತಿನ್ನುವ ರೊಟ್ಟಿಯಲ್ಲೂ ಇವೆ. ಪ್ರಾಣಿ ಉಂಡದ್ದರಲ್ಲಿ ಹಗುರವಾದ ಸಾರಜನಕ-14 ಹೆಚ್ಚಾಗಿ ಹೊರಗೆ ಹೋಗುತ್ತದೆ, ಭಾರದ ಸಾರಜನಕ-15 ಮಾಂಸದಲ್ಲಿ ತುಸು ಜಾಸ್ತಿ ಉಳಿಯುತ್ತದೆ. ತಿನ್ನುವವರ ಸಾಲಿನಲ್ಲಿ ಒಂದು ಮೆಟ್ಟಿಲು ಏರಿದರೆ ಲ್ಯಾಬಿನ ಅಂಕಿಯಲ್ಲಿ (ನಿಗದಿತ ಮಾನಕಕ್ಕಿಂತ ಭಾರದ್ದರ ಪ್ರಮಾಣ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು) ಸರಾಸರಿ 3.4ರಷ್ಟು ಏರಿಕೆ. ಹೊಟ್ಟೆಯಲ್ಲಿ ಸಿಗುವುದು ಇವತ್ತಿನ ಊಟ, ಮಾಂಸದಲ್ಲಿರುವುದು ಕೆಲವು ತಿಂಗಳ ಊಟದ ಲೆಕ್ಕ.

ಆದರೆ ಕೊರಮೀನೊಂದನ್ನೇ ಲ್ಯಾಬಿಗೆ ಕಳಿಸಿದರೆ ದುಡ್ಡು ದಂಡ. ಎಲ್ಲಿಂದ ಮೆಟ್ಟಿಲು ಎಣಿಸಬೇಕೆಂದು ತಿಳಿಯಲು ಅದೇ ಕೆರೆಯ ಪಾಚಿ ತಿನ್ನುವ ಬಸವನಹುಳು, ಕಪ್ಪೆಚಿಪ್ಪು ಬೇಕೇ ಬೇಕು. ಬಸವನಹುಳುವಿನ ಸಾರಜನಕದ ಅಂಕಿ 6, ಕೊರಮೀನಿನದು 12.8 ಅಂದುಕೊಳ್ಳಿ: ಎರಡು ಮೆಟ್ಟಿಲು ಮೇಲೆ, ಅಂದರೆ ಮೀನು ತಿಂದೇ ಬೆಳೆದಿರಬಹುದು. 9.4 ಬಂದರೆ ಸಿಗಡಿ, ಹುಳುಹುಪ್ಪಟೆಯೇ ಮುಖ್ಯ ಆಹಾರ ಇರಬೇಕು, ಮರಿಗಳ ಅಪವಾದ ಅಷ್ಟರಮಟ್ಟಿಗೆ ಸಡಿಲ. ದನದ ಗಂಜಲ, ಊರ ಗಟಾರದ ನೀರು ಸೇರುವ ಕೆರೆಯಲ್ಲಿ ಪಾಚಿಯಿಂದಲೇ ಅಂಕಿ ಏರಿರುತ್ತದೆ. ಬೋನಾಳದಂಥ ಪಕ್ಷಿಧಾಮದ ಕೆರೆಯಾದರೆ ಹಕ್ಕಿಗಳ ಹಿಕ್ಕೆಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಎರಡು ಕೆರೆಗಳ ಅಂಕಿ ನೇರ ಹೋಲಿಸಬೇಡಿ.

ಇಂಗಾಲ ಬೇರೆ ಕಥೆ ಹೇಳುತ್ತದೆ. ಅದರಲ್ಲೂ ಭಾರದ ಐಸೋಟೋಪಿನ ಅಂಕಿಯನ್ನೇ ಅಳೆಯುತ್ತಾರೆ; ಮಾನಕಕ್ಕಿಂತ ಕಡಿಮೆ ಇರುವುದರಿಂದ ಅದು ಮೈನಸ್‌ನಲ್ಲಿ ಬರುತ್ತದೆ. ಜೋಳ, ಕಬ್ಬಿನ ಅಂಕಿ −13ರ ಆಸುಪಾಸು. ತೊಗರಿ, ಶೇಂಗಾ, ಭತ್ತದ್ದು −28ರ ಹತ್ತಿರ. ಜೋಳದ ನುಚ್ಚು ಹಾಕಿ ಸಾಕಿದ ಮೀನು ಸಾಮಾನ್ಯವಾಗಿ ಗುರುತು ಸಿಗುತ್ತದೆ. ಶೇಂಗಾ ಹಿಂಡಿ, ತೌಡು ಹಾಕಿದರೆ ಕೆರೆಯ ಪಾಚಿಯೊಂದಿಗೆ ಬೆರೆತು ಹೋಗಬಹುದು.

ನಿಮ್ಮ ಮೂಲ ಪ್ರಶ್ನೆಗೆ ಬಂದರೆ, ತಿಂದದ್ದು ರೋಹು ಮರಿಯೋ ಕೆರೆಯ ಸಣ್ಣ ಕಸಮೀನೋ ಎಂದು ಐಸೋಟೋಪ್ ಹೆಸರಿಟ್ಟು ಹೇಳಲಾರದು. ಎರಡೂ ಒಂದೇ ಆಹಾರ ತಿಂದಿದ್ದರೆ ಅಂಕಿಯೂ ಒಂದೇ. ಮರಿ ಬಿಟ್ಟ ವಾರದಲ್ಲಿ, ಹಿಡಿದ ಕೂಡಲೇ ಹೊಟ್ಟೆ ನೋಡುವುದನ್ನು ಬಿಡಬೇಡಿ. ತಡಮಾಡಿದರೆ ಒಳಗಿದ್ದದ್ದು ಕರಗಿರುತ್ತದೆ. ನನ್ನನ್ನು ಕೇಳಿದರೆ, ಪರೀಕ್ಷೆಗಿಂತ ಮೊದಲು 8–10 ಸೆಂ.ಮೀ. ಬೆಳೆದ ಮರಿಗಳನ್ನೇ ಬಿಟ್ಟು ನೋಡಿ.

ಆದರೂ ಮಾದರಿ ಕಳಿಸುವುದಾದರೆ, ಬೆನ್ನಿನ ಈಜುರೆಕ್ಕೆಯ ಕೆಳಗಿನ ಬಿಳಿ ಮಾಂಸದ ಸಣ್ಣ ತುಂಡು ಸಾಕು. ಐಸಿನಲ್ಲಿಟ್ಟು ಒಯ್ಯಿರಿ. ಫಾರ್ಮಾಲಿನ್‌ಗೆ ಹಾಕಬೇಡಿ, ಇಂಗಾಲದ ಅಂಕಿ ಕೆಡುತ್ತದೆ.