1.5 ಟನ್ ಇನ್ವರ್ಟರ್ ಎಸಿಗೆ ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿಸಬೇಕಾ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯಲ್ಲಿ ಮೇಲಿನ ಮಹಡಿಯ ಮನೆ, 1.5 ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ, ಆರ್32 ಗ್ಯಾಸ್. ಪ್ರತಿ ಮಾರ್ಚ್‌ನಲ್ಲಿ ಮೆಕ್ಯಾನಿಕ್ ಬಂದು ಟಾಪ್‌ಅಪ್ ಮಾಡುತ್ತಾರೆ. ಈ ಸಲ "ಪ್ರೆಷರ್ 150 ಬಂತು, ಫುಲ್ ಆಯ್ತು" ಅಂದರು. ರಾತ್ರಿ ಚೆನ್ನಾಗಿ ತಂಪಾಗುತ್ತೆ, ಮಧ್ಯಾಹ್ನ ಎರಡು ಗಂಟೆ ಮೇಲೆ ಬರೀ ಗಾಳಿ ಬರುತ್ತೆ. ಗ್ಯಾಸ್ ನಿಜಕ್ಕೂ ಎಷ್ಟಿರಬೇಕು?

ವರ್ಷವರ್ಷ ಹಾಕಿಸುವ ಪದಾರ್ಥ ಅದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಹತ್ತು ವರ್ಷವಾದರೂ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಕಡಿಮೆಯಾಗದೆಯೇ ಹಾಕಿದ್ದಾರೆ ಅಂದರೆ ಈಗ ಹೆಚ್ಚಾಗಿದೆ. ರಾತ್ರಿ ತಂಪು, ಮಧ್ಯಾಹ್ನ ಇಲ್ಲ ಅನ್ನುವ ಲಕ್ಷಣ ನೋಡಿದರೆ ನನಗೆ ಎರಡನೆಯದರ ಮೇಲೇ ಅನುಮಾನ. ಇಲ್ಲವೇ ಔಟ್‌ಡೋರ್ ಯೂನಿಟ್ ಬಿಸಿಯನ್ನು ಹೊರಹಾಕಲಾಗದೆ ಒದ್ದಾಡುತ್ತಿದೆ. ಗ್ಯಾಸ್ ಹೆಚ್ಚಾದರೂ ಕಂಡೆನ್ಸರ್ ಕಾಯಿಲ್ (ಔಟ್‌ಡೋರ್‌ನಲ್ಲಿ ಬಿಸಿ ಹೊರಹಾಕುವ ಪೈಪಿನ ಸುರುಳಿ) ಕಟ್ಟಿಕೊಂಡರೂ ಹೈ ಸೈಡ್ ಪ್ರೆಷರ್, ಅಂದರೆ ಕಂಪ್ರೆಸರ್ ದಾಟಿದ ಮೇಲಿನ ಒತ್ತಡ, ಏರುತ್ತದೆ. ಹೊರಗೆ 39-40 ಡಿಗ್ರಿ ಇದ್ದಾಗ ಅದು ಮಿತಿ ಮುಟ್ಟುತ್ತದೆ, ಇನ್ವರ್ಟರ್ ಬೋರ್ಡ್ ತನ್ನನ್ನು ಕಾಪಾಡಿಕೊಳ್ಳಲು ಕಂಪ್ರೆಸರ್ ವೇಗ ಇಳಿಸುತ್ತದೆ. ಎರರ್ ಕೋಡ್ ಕೂಡ ಬರುವುದಿಲ್ಲ, ಸುಮ್ಮನೆ ತಂಪು ಕಡಿಮೆಯಾಗುತ್ತದೆ. ಸಂಜೆ ಹೊರಗಿನ ಬಿಸಿ ಇಳಿದ ಮೇಲೆ ಮತ್ತೆ ಸರಿ!

ಈಗ ಆ 150ರ ವಿಷಯ. ಸ್ಪ್ಲಿಟ್ ಎಸಿಯಲ್ಲಿ ಗೇಜ್ ಹಾಕಲು ಸಿಗುವುದು ದಪ್ಪ ಪೈಪಿನ ಸರ್ವಿಸ್ ಪೋರ್ಟ್ ಒಂದೇ, ಅದು ತೋರಿಸುವುದು ಸಕ್ಷನ್ ಪ್ರೆಷರ್, ಅಂದರೆ ಕಂಪ್ರೆಸರ್‌ಗೆ ವಾಪಸ್ ಬರುವ ಗ್ಯಾಸಿನ ಒತ್ತಡ. ಆರ್32ಗೆ 150 ಪಿಎಸ್‌ಐ (ಒತ್ತಡದ ಅಳತೆ) ಅಂದರೆ ಇಂಡೋರ್ ಕಾಯಿಲ್‌ನಲ್ಲಿ ಗ್ಯಾಸ್ ಸುಮಾರು 11 ಡಿಗ್ರಿಯಲ್ಲಿ ಕುದಿಯುತ್ತಿದೆ, 120 ಅಂದರೆ ಸುಮಾರು 4 ಡಿಗ್ರಿಯಲ್ಲಿ. ಅಷ್ಟೇ ಅರ್ಥ. ಎಷ್ಟು ಗ್ಯಾಸ್ ಇದೆ ಅನ್ನುವುದು ಅದರಲ್ಲಿ ಇಲ್ಲ. ಇನ್ವರ್ಟರ್ ನಿಧಾನ ಓಡಿದರೆ ಸಕ್ಷನ್ ಏರುತ್ತದೆ, ಜೋರು ಓಡಿದರೆ ಇಳಿಯುತ್ತದೆ. ರೂಮ್ ಬಿಸಿ ಇದ್ದರೆ ಏರುತ್ತದೆ, ಫಿಲ್ಟರ್ ಕಟ್ಟಿಕೊಂಡಿದ್ದರೆ ಇಳಿಯುತ್ತದೆ. ಕಟ್ಟಿಕೊಂಡ ಫಿಲ್ಟರ್ ಬಿಚ್ಚಿ ನೋಡದೆ, 105 ಇದ್ದದ್ದನ್ನು ಗ್ಯಾಸ್ ಬಿಟ್ಟು 150 ಮಾಡಿದರೆ ಗೇಜ್ ಸರಿಯಾಗುತ್ತದೆ, ಎಸಿ ಕೆಡುತ್ತದೆ. ಆಫ್ ಮಾಡಿ ನೋಡುವ "ಸ್ಟ್ಯಾಂಡಿಂಗ್ ಪ್ರೆಷರ್" ಇನ್ನೂ ನಿಷ್ಪ್ರಯೋಜಕ. 35 ಡಿಗ್ರಿ ದಿನ ಆರ್32 ಸುಮಾರು 300 ಪಿಎಸ್‌ಐ ತೋರಿಸುತ್ತದೆ, ಒಳಗೆ 500 ಗ್ರಾಂ ಇದ್ದರೂ 900 ಗ್ರಾಂ ಇದ್ದರೂ.

ಸೂಪರ್‌ಹೀಟ್ (ಆವಿಯಾದ ಗ್ಯಾಸ್ ತನ್ನ ಕುದಿಬಿಂದುವಿಗಿಂತ ಎಷ್ಟು ಡಿಗ್ರಿ ಬಿಸಿ), ಸಬ್‌ಕೂಲಿಂಗ್ (ದ್ರವವಾದ ಗ್ಯಾಸ್ ಆ ಬಿಂದುವಿಗಿಂತ ಎಷ್ಟು ಡಿಗ್ರಿ ತಣ್ಣಗೆ) ಲೆಕ್ಕ ಹಾಕಬಾರದೇ ಎಂದು ಯಾರಾದರೂ ಕೇಳಬಹುದು. ಹೊರದೇಶದ ವೀಡಿಯೊಗಳಲ್ಲಿ ತೋರಿಸುವ ಡಕ್ಟೆಡ್ ಯಂತ್ರಗಳಿಗೆ ಅದು ಸರಿ. ನಮ್ಮ ಸ್ಪ್ಲಿಟ್‌ಗಳಲ್ಲಿ ಗ್ಯಾಸಿನ ಪ್ರೆಷರ್ ಇಳಿಸುವ ಭಾಗ, ಅದು ಕ್ಯಾಪಿಲರಿಯಾಗಲಿ ಎಕ್ಸ್‌ಪ್ಯಾನ್ಶನ್ ವಾಲ್ವ್ ಆಗಲಿ, ಔಟ್‌ಡೋರ್ ಒಳಗೇ ಇರುತ್ತದೆ. ಮನೆಯೊಳಗೆ ಬರುವ ಸಣ್ಣ ಪೈಪಿನಲ್ಲಿ ಆಗಲೇ ಪ್ರೆಷರ್ ಇಳಿದ, ಅರ್ಧ ದ್ರವ ಅರ್ಧ ಆವಿಯ ಗ್ಯಾಸ್ ಇರುವುದರಿಂದ ಅಲ್ಲಿ ಸಬ್‌ಕೂಲಿಂಗ್ ಅಳೆಯಲು ಏನೂ ಇಲ್ಲ. ಎಲೆಕ್ಟ್ರಾನಿಕ್ ವಾಲ್ವ್ ಇದ್ದರೆ ಗ್ಯಾಸ್ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ತಾನೇ ಹೊಂದಿಸಿಕೊಂಡು ಸೂಪರ್‌ಹೀಟನ್ನೂ ಮರೆಮಾಚುತ್ತದೆ. ಹಾಗಾಗಿ ಇಲ್ಲಿ ನಂಬಬಹುದಾದ ದಾರಿ ತೂಕ ಒಂದೇ.

ಎಷ್ಟು ತೂಕ ಅಂತ ಔಟ್‌ಡೋರ್ ಪಕ್ಕದ ನೇಮ್‌ಪ್ಲೇಟ್ ಮೇಲೆ ಬರೆದಿರುತ್ತದೆ. 1.5 ಟನ್ ಆರ್32 ಯಂತ್ರಗಳಲ್ಲಿ ಸಾಮಾನ್ಯವಾಗಿ 700 ಗ್ರಾಂನಿಂದ ಒಂದು ಕಿಲೋ ಆಸುಪಾಸು. ಪಕ್ಕದ ಮನೆಯ ಅಂಕಿ ನಿಮಗೆ ಹೊಂದುವುದಿಲ್ಲ. ಪೈಪ್ ಉದ್ದಕ್ಕೂ ಲೆಕ್ಕ ಇದೆ: ಇಂತಿಷ್ಟು ಮೀಟರ್‌ವರೆಗೆ ಫ್ಯಾಕ್ಟರಿ ಗ್ಯಾಸ್ ಸಾಕು, ಅದರ ಮೇಲೆ ಮೀಟರಿಗೆ ಇಷ್ಟು ಗ್ರಾಂ ಎಂದು ಇನ್‌ಸ್ಟಲೇಶನ್ ಮ್ಯಾನುಯಲ್‌ನಲ್ಲಿರುತ್ತದೆ. ಉದಾಹರಣೆಗೆ ನೇಮ್‌ಪ್ಲೇಟ್ 850 ಗ್ರಾಂ, 5 ಮೀಟರ್‌ವರೆಗೆ ಹೆಚ್ಚುವರಿ ಬೇಡ, ಆಮೇಲೆ ಮೀಟರಿಗೆ 15 ಗ್ರಾಂ, ನಿಮ್ಮ ಪೈಪ್ 9 ಮೀಟರ್ ಎಂದಿಟ್ಟುಕೊಳ್ಳಿ. 850ಕ್ಕೆ 60 ಸೇರಿ 910 ಗ್ರಾಂ. ಇಷ್ಟು ಸಣ್ಣ ಯಂತ್ರದಲ್ಲಿ ಅಂದಾಜಿಗೆ ಬಿಟ್ಟ 100 ಗ್ರಾಂ ಅಂದರೆ ಶೇಕಡ 10ಕ್ಕಿಂತ ಹೆಚ್ಚು.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ನೀವೇ ಮಾಡಬಹುದಾದ ಪರೀಕ್ಷೆ ಇದೆ. ಇಂಡೋರ್ ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಮಧ್ಯಾಹ್ನ ಸೆಟ್ಟಿಂಗ್ 18ಕ್ಕೆ ಇಳಿಸಿ, ಫ್ಯಾನ್ ಹೈ ಇಟ್ಟು 20 ನಿಮಿಷ ಓಡಿಸಿ. ಅಗ್ಗದ ಡಿಜಿಟಲ್ ಥರ್ಮಾಮೀಟರಿನಲ್ಲಿ ಇಂಡೋರ್ ಮೇಲ್ಗಡೆ ಒಳಹೋಗುವ ಗಾಳಿ, ಕೆಳಗೆ ಹೊರಬರುವ ಗಾಳಿ ಎರಡನ್ನೂ ಅಳೆಯಿರಿ. ಮಾರ್ಚ್-ಏಪ್ರಿಲ್‌ನ ಒಣ ಹವೆಯಲ್ಲಿ 10ರಿಂದ 14 ಡಿಗ್ರಿ ವ್ಯತ್ಯಾಸ ಬರಬೇಕು. ಮುಂಗಾರು ಶುರುವಾಗಿ ತೇವ ಹೆಚ್ಚಿದರೆ 8-10 ಬಂದರೂ ಸರಿ. ಮಧ್ಯಾಹ್ನ 6, ರಾತ್ರಿ 12 ಬಂದರೆ ಸಮಸ್ಯೆ ಔಟ್‌ಡೋರ್ ಕಡೆ. ವ್ಯತ್ಯಾಸ 12 ಇದ್ದೂ ರೂಮ್ ತಣ್ಣಗಾಗದಿದ್ದರೆ ಯಂತ್ರದ ತಪ್ಪಿಲ್ಲ. ಬಿಸಿಲಿಗೆ ಕಾದ ಆರ್‌ಸಿಸಿ ಛಾವಣಿಗೆ 1.5 ಟನ್ ಸಾಲುತ್ತಿಲ್ಲ. ಎಸಿಗೆ ಟನ್ ಲೆಕ್ಕ ಕಟ್ಟುವುದು ಹೊರಗೆ 35 ಡಿಗ್ರಿ ಇಟ್ಟುಕೊಂಡು. ಅದಕ್ಕಿಂತ ಮೇಲೆ ಹೋದಷ್ಟೂ ಅದರ ಶಕ್ತಿ ಇಳಿಯುತ್ತದೆ.

ಅದೇ ಹೊತ್ತಿಗೆ ಔಟ್‌ಡೋರ್ ಹತ್ತಿರದ ಎರಡು ಪೈಪ್ ನೋಡಿ. ದಪ್ಪದ್ದು ತಣ್ಣಗಿರಬೇಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಅದು ಬೆವರದೆಯೂ ಇರಬಹುದು, ಹಾಗಾಗಿ ಕಣ್ಣಿಗಿಂತ ಕೈ ನಂಬಿ. ಸಣ್ಣ ಪೈಪ್ ಮೇಲೆ ಮಂಜು ಕಟ್ಟಿ ದಪ್ಪದ್ದು ಬೆಚ್ಚಗಿದ್ದರೆ ಗ್ಯಾಸ್ ನಿಜವಾಗಿ ಕಡಿಮೆ ಇದೆ.

ಔಟ್‌ಡೋರ್ ಕಾಯಿಲ್ ಹಿಂಭಾಗ ಟಾರ್ಚ್ ಬಿಟ್ಟು ನೋಡಿ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಲ್ಲಿ ಮಸಿ, ಅಕ್ಕಿ ಗಿರಣಿ ಕಡೆ ಹೊಟ್ಟಿನ ಧೂಳು ಫಿನ್‌ಗಳ (ಕಾಯಿಲ್ ಮೇಲಿನ ತೆಳು ಲೋಹದ ಹಾಳೆಗಳ) ನಡುವೆ ಮೆತ್ತಿಕೊಂಡು ಗಾಳಿಯೇ ಹೋಗುವುದಿಲ್ಲ. ಕರೆಂಟ್ ಆಫ್ ಮಾಡಿ, ಬ್ರಷ್ಷಿನಲ್ಲಿ ಒಣ ಧೂಳು ತೆಗೆದು, ಫ್ಯಾನ್ ಕಡೆಯಿಂದ ಹೊರಕ್ಕೆ ಸಾಧಾರಣ ರಭಸದ ನೀರು ಬಿಟ್ಟು ತೊಳೆಯಬೇಕು. ಕಾರ್ ವಾಷಿನ ಜೆಟ್ ಬಿಟ್ಟರೆ ಫಿನ್ ಮಡಚಿಕೊಳ್ಳುತ್ತವೆ. ಮಧ್ಯಾಹ್ನ ಇಡೀ ಬೋರ್‌ವೆಲ್ ನೀರು ಸಿಂಪಡಿಸುವವರೂ ಇದ್ದಾರೆ. ಆ ಗಡಸು ನೀರು ಆರಿ ಬಿಳಿ ಪದರ ಕಟ್ಟುತ್ತದೆ, ಒಂದೆರಡು ಬೇಸಿಗೆಯಲ್ಲಿ ಕಾಯಿಲ್ ಹಾಳು. ಒದ್ದೆ ಗೋಣಿಚೀಲ ಹೊದಿಸುವುದಂತೂ ಬೇಡವೇ ಬೇಡ. ಚಿತ್ರದುರ್ಗದಂಥ ಗಾಳಿಯ ಊರಲ್ಲಾದರೆ ಫ್ಯಾನಿನ ಮುಖ ಬೀಸುವ ಗಾಳಿಗೆ ಎದುರಾಗಿದೆಯೇ ಅನ್ನುವುದನ್ನೂ ನೋಡಬೇಕು.

ಇಷ್ಟಾದ ಮೇಲೂ ಸರಿಹೋಗದಿದ್ದರೆ ಸರಿಯಾದ ಕೆಲಸ ಮಾಡಿಸಿ, ಟಾಪ್‌ಅಪ್ ಬೇಡ. ಒಳಗೆ ಈಗ ಎಷ್ಟಿದೆ ಗೊತ್ತಿಲ್ಲದ ಗ್ಯಾಸಿಗೆ ಇನ್ನಷ್ಟು ಸೇರಿಸಿದರೆ ಲೆಕ್ಕ ಸಿಗುವುದಿಲ್ಲ. ಹಳೆಯದನ್ನು ರಿಕವರಿ ಸಿಲಿಂಡರಿಗೆ ತೆಗೆದು ತೂಗಿದರೆ ಹೆಚ್ಚಿತ್ತೋ ಕಡಿಮೆಯಿತ್ತೋ ಅಲ್ಲೇ ತಿಳಿಯುತ್ತದೆ.

ಮುಂದಿನದು ಸೋರಿಕೆ ಹುಡುಕುವ ನೈಟ್ರೋಜನ್ ಟೆಸ್ಟ್. ರೆಗ್ಯುಲೇಟರ್ ಹಾಕಿ 400 ಪಿಎಸ್‌ಐವರೆಗೆ ತುಂಬಿ, ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಕನಿಷ್ಠ ಅರ್ಧ ಗಂಟೆ ಬಿಡಬೇಕು. ಮಧ್ಯಾಹ್ನ 38 ಡಿಗ್ರಿಯಲ್ಲಿ ತುಂಬಿ ರಾತ್ರಿ 28ರಲ್ಲಿ ನೋಡಿದರೆ ಸೋರದಿದ್ದರೂ 13 ಪಿಎಸ್‌ಐ ಇಳಿದಿರುತ್ತದೆ, ಅದನ್ನು ಲೀಕ್ ಅನ್ನಬಾರದು. ನೈಟ್ರೋಜನ್ ಬದಲು ಆಕ್ಸಿಜನ್ ಬಿಡಲು ಬಂದರೆ ಕೂಡಲೇ ತಡೆಯಿರಿ, ಕಂಪ್ರೆಸರ್ ಆಯಿಲ್ ಜೊತೆ ಸೇರಿ ಸಿಡಿಯುತ್ತದೆ. ಸೋರಿಕೆ ಹೆಚ್ಚಾಗಿ ಸಿಗುವುದು ಫ್ಲೇರ್ (ಅಗಲಿಸಿದ ಪೈಪಿನ ತುದಿ) ಬಿಗಿಯುವ ನಟ್‌ಗಳಲ್ಲಿ, ಸುತ್ತ ಎಣ್ಣೆ ಜಿಡ್ಡು ಇದ್ದರೆ ಅಲ್ಲೇ. ಮತ್ತಷ್ಟು ಬಿಗಿ ಮಾಡಿದರೆ ಫ್ಲೇರ್ ಸೀಳುತ್ತದೆ. ಪೈಪ್ ಕತ್ತರಿಸಿ, ಒಳಗಿನ ಚೂರು ಕೆರೆದು, ಹೊಸ ಫ್ಲೇರ್ ಮಾಡಿ, ಟಾರ್ಕ್ ವ್ರೆಂಚ್‌ನಲ್ಲಿ ಕಾಲಿಂಚಿನ ಪೈಪಿಗೆ ಸುಮಾರು 15-18, ಅರ್ಧ ಇಂಚಿಗೆ 50-60 ನ್ಯೂಟನ್ ಮೀಟರ್ ಕೊಡಬೇಕು. ಟೆಫ್ಲಾನ್ ಟೇಪಿಗೆ ಇಲ್ಲಿ ಕೆಲಸವಿಲ್ಲ.

ವ್ಯಾಕ್ಯೂಮ್, ಅಂದರೆ ಗ್ಯಾಸ್ ತುಂಬುವ ಮುಂಚೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವಿಷಯದಲ್ಲಿ ಆಗುವಷ್ಟು ಮೋಸ ಬೇರೆಲ್ಲೂ ಆಗುವುದಿಲ್ಲ. ಆರ್32 ಯಂತ್ರದ ಆಯಿಲ್ ತೇವವನ್ನು ಹೀರಿಕೊಳ್ಳುವ ಜಾತಿ, ಹಾಗಾಗಿ 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಸಣ್ಣ ಅಳತೆ) ಕೆಳಗೆ ಎಳೆಯಬೇಕು. ಮುಳ್ಳಿನ ಗೇಜ್‌ನಲ್ಲಿ ಒಂದು ಇಂಚು ಅಂದರೆ 25,400 ಮೈಕ್ರಾನ್, ಅದರಲ್ಲಿ 500 ಎಲ್ಲಿ ಕಾಣಬೇಕು? ಜೊತೆಗೆ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡವೇ ಕಡಿಮೆ, ಪಂಪ್ ಎಷ್ಟೇ ಚೆನ್ನಾಗಿದ್ದರೂ ಮುಳ್ಳು 28 ಇಂಚಿನ ಹತ್ತಿರವೇ ನಿಲ್ಲುತ್ತದೆ. "30 ಬಂತು" ಅಂದರೆ ಗೇಜಿನ ಸೊನ್ನೆಯೇ ತಪ್ಪಿದೆ. ಡಿಜಿಟಲ್ ಮೈಕ್ರಾನ್ ಗೇಜ್ ಬೇಕು. ಪಂಪ್ ಬೇರ್ಪಡಿಸಿ ಹತ್ತು ನಿಮಿಷ ಕಾಯಿರಿ: ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿದೆ, ಏರುತ್ತಲೇ ಹೋದರೆ ಲೀಕ್ ಉಳಿದಿದೆ.

ಆಮೇಲೆ ಸಿಲಿಂಡರನ್ನು ತಕ್ಕಡಿ ಮೇಲಿಟ್ಟು, ಹೋಸ್‌ನ ಗಾಳಿ ತೆಗೆದು, ತಕ್ಕಡಿ ಸೊನ್ನೆ ಮಾಡಿ, ಯಂತ್ರ ಆಫ್ ಇರುವಾಗಲೇ ದ್ರವವಾಗಿ ಬಿಡುತ್ತಾರೆ. ಕೊನೆಯ ಸ್ವಲ್ಪ ಉಳಿದರೆ ಆನ್ ಮಾಡಿ ವಾಲ್ವ್ ಸಣ್ಣಗೆ ತೆರೆದು ಎಳೆಸಬೇಕು; ಒಮ್ಮೆಲೇ ದ್ರವ ನುಗ್ಗಿದರೆ ಕಂಪ್ರೆಸರ್ ಹೊಡೆತ ತಿನ್ನುತ್ತದೆ. ಆರ್32 ನಿಧಾನವಾಗಿಯಾದರೂ ಉರಿಯುವ ಗ್ಯಾಸ್. ಕಿಟಕಿ ತೆರೆದಿರಲಿ, ಗ್ಯಾಸ್ ಪೂರ್ತಿ ತೆಗೆಯದೆ ಬೆಂಕಿ ಹಚ್ಚಿ ಬೆಸುಗೆ ಹಾಕಬಾರದು. ಬೇರೆ ಗ್ಯಾಸ್ ಬೆರೆಸುವುದಕ್ಕೆ ಒಪ್ಪಲೇಬೇಡಿ.

ನಿಮ್ಮದು "ಹಾಟ್ ಅಂಡ್ ಕೋಲ್ಡ್", ಅಂದರೆ ಹೀಟ್ ಪಂಪ್ ಮಾದರಿಯಾದರೂ ನೇಮ್‌ಪ್ಲೇಟ್ ತೂಕದ ಲೆಕ್ಕ ಅದೇ. ಆದರೆ ಹೀಟ್ ಮೋಡ್‌ನಲ್ಲಿ ದಪ್ಪ ಪೈಪ್ ಹೈ ಸೈಡ್ ಆಗಿಬಿಡುತ್ತದೆ. ಕಡಿಮೆ ಒತ್ತಡ ಅಳೆಯುವ ನೀಲಿ ಗೇಜ್ ಹಾಕಿರುವಾಗ ಯಾರೂ ರಿಮೋಟಿನಲ್ಲಿ ಹೀಟ್ ಒತ್ತದಂತೆ ನೋಡಿಕೊಳ್ಳಿ.

ಫ್ಲೇರ್ ಎಲ್ಲ ಸರಿಯಿದ್ದು ಇಂಡೋರ್ ಕಾಯಿಲ್‌ನಲ್ಲೇ ಗುಳ್ಳೆ ಎದ್ದರೆ ನಿರ್ಧಾರ ಬೇರೆ. ಬದಿಯ ಯು-ಬೆಂಡ್‌ನಲ್ಲಿ ಒಂದೇ ತೂತಾದರೆ ಬೆಸುಗೆ ನಿಲ್ಲುತ್ತದೆ. ಫಿನ್ ನಡುವೆ ಎರಡು ಕಡೆ ಸಿಕ್ಕಿದರೆ ತಾಮ್ರವೇ ಒಳಗಿಂದೊಳಗೆ ತಿಂದುಹೋಗಿದೆ, ಒಂದನ್ನು ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಕಾಯಿಲ್ ಬದಲಿಸಿ, ಅದಕ್ಕೂ ಮುಂಚೆ ವಾರಂಟಿ ಕಾರ್ಡಿನಲ್ಲಿ ಕಾಯಿಲ್ ಸೇರಿದೆಯೇ ನೋಡಿ. ಹೊರಗಿನವರು ಅದಕ್ಕೆ ಬೆಸುಗೆ ಹಾಕಿದ ಗುರುತಿದ್ದರೆ ಕ್ಲೇಮ್ ನಿರಾಕರಿಸುವ ಸಾಧ್ಯತೆ ಇದೆ, ಹಾಗಾಗಿ ಮೊದಲ ಫೋನ್ ಕಂಪನಿ ಸರ್ವಿಸ್‌ಗೇ ಹೋಗಲಿ.