ನಗುವವರನ್ನು ಯಾರು ಕೇಳಬೇಕು?

(ಕುಷ್ಟಗಿ ತಾಲ್ಲೂಕಿನ ತಂದೆಯೊಬ್ಬರ ಪತ್ರದ ಸಾರ: ಮಗ ಕೊಪ್ಪಳದ ವಸತಿ ಶಾಲೆಯೊಂದರಲ್ಲಿ ಏಳನೆಯ ತರಗತಿ ಓದುತ್ತಿದ್ದಾನೆ. ಊರಿನ ಕೊಳವೆಬಾವಿಯ ನೀರಿನಿಂದ ಅವನ ಹಲ್ಲುಗಳ ಮೇಲೆ ಕಂದು ಕಲೆಗಳಿವೆ. ಜೊತೆಯ ಹುಡುಗರು ಅವನನ್ನು ‘ಗುಟ್ಕಾ’ ಎಂದೇ ಕರೆಯುತ್ತಾರೆ. ಗವಿಮಠದ ಜಾತ್ರೆಗೆ ಬಂದ ತಂದೆ ಅವನನ್ನು ಕಂಡಾಗ ‘ಊರಿಗೆ ಕರೆದುಕೊಂಡು ಹೋಗು’ ಎಂದು ಅತ್ತನಂತೆ. ಮುಖ್ಯೋಪಾಧ್ಯಾಯರು ‘ಹುಡುಗಾಟಿಕೆ, ದೊಡ್ಡದು ಮಾಡಬೇಡಿ’ ಎಂದರು. ಟಿ.ಸಿ. ತೆಗೆಸಬೇಕೆ, ಹಲ್ಲು ಸರಿಪಡಿಸಬೇಕೆ, ತಿರುಗಿ ಹೊಡೆ ಎನ್ನಬೇಕೆ ಎಂಬುದು ಅವರ ಪ್ರಶ್ನೆ. ಹೆಸರು ಬೇಡವೆಂದಿದ್ದಾರೆ.)

ನಿಮ್ಮ ಪತ್ರದ ಒಂದು ಸಾಲನ್ನು ದಾಟಿ ಮುಂದೆ ಹೋಗಲು ನನಗೆ ಹೊತ್ತು ಹಿಡಿಯಿತು: ‘ಜಾತ್ರೆಯಲ್ಲಿ ಮಿರ್ಚಿ ತಿನ್ನುವಾಗಲೂ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದೇ ಇದ್ದ.’ ಆ ಜನಜಂಗುಳಿಯಲ್ಲಿ ಅವನ ಹಲ್ಲು ನೋಡುವವರು ಯಾರಿದ್ದರು? ಅಪ್ಪ ಒಬ್ಬರೇ. ಅಪ್ಪನ ಮುಂದೆಯೂ ಆ ಕೈ ಕೆಳಗಿಳಿಯುತ್ತಿಲ್ಲ ಎಂದಮೇಲೆ ಹುಡುಗಾಟಿಕೆಯ ಮಾತನ್ನು ಬದಿಗಿಡೋಣ.

ಹುಡುಗಾಟಿಕೆಯಲ್ಲಿ ಸರದಿ ಬದಲಾಗುತ್ತದೆ. ಇವತ್ತು ಇವನ ಕಾಲೆಳೆದವರು ನಾಳೆ ಇವನಿಂದ ಕಾಲೆಳೆಸಿಕೊಳ್ಳುತ್ತಾರೆ, ನಗುವಾಗ ಇಬ್ಬರೂ ನಗುತ್ತಾರೆ. ಶಾಲಾ ಮಕ್ಕಳ ಕಿರುಕುಳವನ್ನು ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ, ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇದಕ್ಕೆ ಮೂರು ಗುರುತು ಹೇಳಿದ್ದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವವನಿಗೆ ಎದುರು ನಿಲ್ಲುವ ಬಲವಿಲ್ಲದಿರುವುದು. ನಿಮ್ಮ ಮಗನ ವಿಷಯದಲ್ಲಿ ಮೂರೂ ಇವೆ. ನಾರ್ವೆಯಲ್ಲೂ ಇದನ್ನು ಮಕ್ಕಳ ಜಗಳವೆಂದೇ ಬಿಟ್ಟಿದ್ದರು. ಮೂವರು ಹುಡುಗರು ಪ್ರಾಣ ಕಳೆದುಕೊಂಡ ಮೇಲೆ, 1983ರಲ್ಲಿ, ದೇಶದಾದ್ಯಂತ ಶಾಲೆಗಳಲ್ಲಿ ಇದರ ವಿರುದ್ಧ ಅಭಿಯಾನ ನಡೆಯಿತು.

‘ತಿರುಗಿ ಹೊಡೆ’ ಎನ್ನಬೇಡಿ. ನಿಮಗೆ ಸಿಟ್ಟು ಬಂದಿರುವುದು ಸಹಜ. ಆದರೆ ವಸತಿ ಶಾಲೆಯಲ್ಲಿ ಸಂಜೆಯ ಗಂಟೆ ಬಾರಿಸಿದ ಮೇಲೆ ಯಾರೂ ಮನೆಗೆ ಹೋಗುವುದಿಲ್ಲ. ಹಗಲು ಹೊಡೆದವರ ಜೊತೆಯಲ್ಲೇ ರಾತ್ರಿ ಚಾಪೆ ಹಾಸಬೇಕು.

ಹಾಗಾದರೆ ಯಾರನ್ನು ತಿದ್ದಬೇಕು? ನೀವು ಇಬ್ಬರು ಹುಡುಗರ ಹೆಸರು ಬರೆದಿದ್ದೀರಿ. ನನ್ನ ಗಮನ ಹೋಗಿದ್ದು ನೀವು ಹೆಸರು ಬರೆಯದೆ ಬಿಟ್ಟವರ ಮೇಲೆ. ತಟ್ಟೆ ಹಿಡಿದು ಉಪ್ಪಿಟ್ಟಿಗೆ ಸಾಲು ನಿಂತಾಗ ಒಬ್ಬ ‘ಗುಟ್ಕಾ ಬಂದ’ ಎನ್ನುತ್ತಾನೆ, ಸಾಲಿಗೆ ಸಾಲೇ ನಗುತ್ತದೆ. ಆ ನಗುವೇ ಅವನ ಸಂಬಳ. ಅದು ನಿಂತ ದಿನ ಅವನಿಗೆ ಕೆಲಸವಿಲ್ಲ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಆಟದ ಬಯಲಿನ ದೃಶ್ಯಗಳನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ವರದಿ ಬಂದದ್ದು 2001ರಲ್ಲಿ. ಕಿರುಕುಳ ನಡೆಯುವಾಗ ಸುತ್ತ ಬೇರೆ ಮಕ್ಕಳು ಇಲ್ಲದ ಸಂದರ್ಭವೇ ಅಪರೂಪ. ಅವರು ಅಡ್ಡ ಬಂದದ್ದು ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ. ಬಂದಾಗ ಮಾತ್ರ, ಅರ್ಧಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡಿನೊಳಗೆ ಅದು ನಿಂತುಹೋಗಿತ್ತು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಳ್ಳಿ ಮತ್ತು ಜೊತೆಯವರು ರೂಪಿಸಿದ ‘ಕಿವಾ’ ಎಂಬ ಕಿರುಕುಳ ತಡೆಯುವ ಶಾಲಾ ಕಾರ್ಯಕ್ರಮ ಗಮನ ಕೊಡುವುದೂ ಮುಖ್ಯವಾಗಿ ಈ ನೋಡುಗರ ಮೇಲೆಯೇ.

ಆದ್ದರಿಂದ ಮುಖ್ಯೋಪಾಧ್ಯಾಯರ ಬಳಿ ಮತ್ತೊಮ್ಮೆ ಹೋಗಿ, ಈ ಸಲ ಬರಹದಲ್ಲಿ ಕೊಡಿ. ಎಂದು, ಎಲ್ಲಿ, ಯಾರು ಏನೆಂದರು ಎಂಬುದಿರಲಿ. ಸ್ವೀಕೃತಿಯ ಸಹಿ ಪಡೆಯಿರಿ. ಸಹಿ ಕೇಳಿದ ಕೂಡಲೇ ಹುಡುಗಾಟಿಕೆ ‘ಪ್ರಕರಣ’ವಾಗಿಬಿಡುವುದು ನಮ್ಮ ಕಚೇರಿಗಳ ಹಳೆಯ ಗುಣ, ಅದರ ಲಾಭ ಪಡೆಯಲು ಸಂಕೋಚ ಬೇಡ. ಊಟದ ಸಾಲಿನಲ್ಲಿ, ಸ್ನಾನದ ತೊಟ್ಟಿಯ ಹತ್ತಿರ, ದೀಪ ಆರಿದ ಮೇಲೆ ಮಲಗುವ ಕೋಣೆಯಲ್ಲಿ ದೊಡ್ಡವರು ಯಾರಿರುತ್ತಾರೆ ಎಂದು ಕೇಳಿ. ದೂರು ಪೆಟ್ಟಿಗೆ ಇದೆ ಎನ್ನುತ್ತಾರೆ, ಇರಬಹುದು. ಅದರ ಕೀಲಿ ಯಾರ ಬಳಿ ಇದೆ, ಕಡೆಯ ಸಲ ತೆರೆದದ್ದು ಯಾವಾಗ ಎಂದೂ ಕೇಳಿ.

ಶಾಲೆಯವರು ಸಾಮಾನ್ಯವಾಗಿ ಮೂರು ಅಡ್ಡದಾರಿ ಹಿಡಿಯುತ್ತಾರೆ. ಚುಡಾಯಿಸಿದವನಿಗೆ ನಾಲ್ಕು ಬಿಗಿಯುವುದು ಮೊದಲನೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೇಲಾಗಿ ಆ ಏಟಿನ ಬಡ್ಡಿ ವಸೂಲಾಗುವುದು ನಿಮ್ಮ ಮಗನಿಂದಲೇ. ಇಬ್ಬರನ್ನೂ ಎದುರು ನಿಲ್ಲಿಸಿ ಕೈ ಕುಲುಕಿಸುವುದು ಎರಡನೆಯದು. ಅದು ಸಮಬಲರ ಜಗಳಕ್ಕೆ ಸರಿ, ಇಲ್ಲಿ ಹೆದರಿದವನು ಹೆದರಿಕೆಯಿಂದಲೇ ಕೈ ಚಾಚುತ್ತಾನೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಪ್ರಾರ್ಥನೆಯ ಹೊತ್ತಿಗೆ ಅವನನ್ನು ಮುಂದೆ ಕರೆದು ‘ಇವನನ್ನು ಯಾರೂ ಗುಟ್ಕಾ ಎನ್ನಬಾರದು’ ಎಂದು ಸಾರುವುದು. ಅಷ್ಟು ಹೊತ್ತಿಗೆ ಗೊತ್ತಿಲ್ಲದವರಿಗೂ ಹೆಸರು ಗೊತ್ತಾಗಿರುತ್ತದೆ.

ಬದಲಿಗೆ ವಿಜ್ಞಾನದ ಮೇಷ್ಟ್ರು ಒಂದು ತರಗತಿ ಮಾಡಲಿ, ನಿಮ್ಮ ಮಗನ ಹೆಸರೆತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಬೇರೆ ನೀರಿಲ್ಲದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಮ್ಮ ಕುಡಿಯುವ ನೀರಿನ ಮಾನದಂಡ. ಹಲ್ಲಿನ ಹೊರಪದರ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಅಂಥ ನೀರು ಕುಡಿದರೆ ಕಲೆ ಹಲ್ಲಿನ ಒಳಗೇ ಕೂರುತ್ತದೆ. ಎಷ್ಟು ಉಜ್ಜಿದರೂ ಹೋಗದು. ಕೊಪ್ಪಳದ ತರಗತಿಯಲ್ಲಿ ಅಂಥ ಹಲ್ಲು ಒಬ್ಬನದೇ ಇರುತ್ತದೆಂದು ನನಗೆ ಅನ್ನಿಸುವುದಿಲ್ಲ. ಗಟ್ಟಿಯಾಗಿ ನಗುವವರಲ್ಲೂ ಒಬ್ಬಿಬ್ಬರು ಸಿಕ್ಕಾರು.

ಹಲ್ಲಿನ ಚಿಕಿತ್ಸೆ ಬೇಡವೆನ್ನುತ್ತಿಲ್ಲ. ದಂತವೈದ್ಯರು ಕಲೆಯನ್ನು ತಿಳಿಗೊಳಿಸಬಲ್ಲರು, ಅವನು ಬಯಸಿದರೆ ತೋರಿಸಿ. ಆದರೆ ‘ಹಲ್ಲು ಸರಿಹೋದರೆ ಎಲ್ಲ ಸರಿಹೋಗುತ್ತದೆ’ ಎಂದು ಅವನ ಮುಂದೆ ಹೇಳಬೇಡಿ. ತಪ್ಪು ತನ್ನ ಬಾಯಲ್ಲೇ ಇತ್ತೆಂದು ಅವನು ನಂಬಿಬಿಡುತ್ತಾನೆ. ಕಿರಿಯವಳಿಗೆ ಐದು ವರ್ಷವೆಂದು ಬರೆದಿದ್ದೀರಿ. ಮನೆಯ ನೀರನ್ನು ಗ್ರಾಮ ಪಂಚಾಯಿತಿಯ ಮೂಲಕ ಈಗಲೇ ಪರೀಕ್ಷೆ ಮಾಡಿಸಿ, ಅವಳ ಮಟ್ಟಿಗೆ ಇನ್ನೂ ಕಾಲ ಮಿಂಚಿಲ್ಲ.

ಟಿ.ಸಿ. ವಿಷಯ. ಅರ್ಜಿ ಕೊಟ್ಟು ಎರಡು ವಾರ ನೋಡಿ. ನಡುವೆ ಒಂದು ಭಾನುವಾರ ಹೋಗಿ ಅವನ ಜೊತೆ ಕುಳಿತು, ‘ಯಾರು ಬೈದರು’ ಎನ್ನುವುದಕ್ಕಿಂತ ‘ಊಟಕ್ಕೆ ಯಾರ ಪಕ್ಕ ಕೂರುತ್ತೀ’ ಎಂದು ಕೇಳಿ. ಹೇಳಲು ಒಂದು ಹೆಸರಿದ್ದರೆ ಶಾಲೆ ಬಿಡಿಸುವ ಅವಸರ ಬೇಡ, ಆ ಹುಡುಗನನ್ನೂ ಮಾತನಾಡಿಸಿ ಬನ್ನಿ. ಒಂದು ಹೆಸರೂ ಇಲ್ಲದಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ‘ನಾನು ಇರಬಾರದಿತ್ತು’ ಎಂಬಂಥ ಮಾತು ಬಂದರೆ ಎರಡು ವಾರವೂ ಕಾಯದೆ ಅಂದೇ ಕರೆತನ್ನಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416. ಎರಡೂ ಉಚಿತ, ರಾತ್ರಿಯೂ ಇರುತ್ತವೆ. ಶಾಲೆ ಕಿವಿಗೆ ಹಾಕಿಕೊಳ್ಳದಿದ್ದರೆ ಅರ್ಜಿಯ ಪ್ರತಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕಳುಹಿಸಿ. ನಮಗೂ ಒಂದು ಪ್ರತಿ ಇರಲಿ.

– ಸಂಪಾದಕ